‘ಮೊದಲು ತಂದೆಯನ್ನು ಹೂಣಿಟ್ಟು ಬರುತ್ತೇನೆ’ ಅಂದ ಮಗ ಕೇಳಿದ್ದು ಏನನ್ನು?

ಮಲ್ಲಿಗೆತೋಟ

ಎಲ್ಲರಿಗೂ ನಮಸ್ಕಾರ. ಬೈಬಲ್ ಕಾಲದ ಬದುಕಿನ ಬಗ್ಗೆ ಚೆನ್ನಾಗಿ ಓದಿಕೊಂಡವರು ಇಲ್ಲಿದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಹೋದ ವಾರ ಒಂದು ಪ್ರಾರ್ಥನಾ ಕೂಟದಲ್ಲಿ ಮತ್ತಾಯ 8ನೇ ಅಧ್ಯಾಯ ಓದಿದರು. ಶಿಷ್ಯನೊಬ್ಬ ಬಂದು, ಮೊದಲು ಹೋಗಿ ನನ್ನ ತಂದೆಯನ್ನು ಹೂಣಿಟ್ಟು ಬರುತ್ತೇನೆ, ಅಪ್ಪಣೆ ಕೊಡಿ ಅಂತಾನೆ. ಯೇಸುಸ್ವಾಮಿ, ನೀನು ನನ್ನ ಹಿಂದೆ ಬಾ, ಸತ್ತವರೇ ತಮ್ಮ ಸತ್ತವರನ್ನು ಹೂಣಿಡಲಿ ಅಂತಾರೆ. ಓದಿದವರು ನನ್ನ ಕಡೆ ತಿರುಗಿ, ಇನ್ನು ಅತ್ತಿದ್ದು ಸಾಕಮ್ಮ ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಅವತ್ತಿನಿಂದ ಆ ವಚನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಇನ್ನೊಂದು ನೋವೂ ಇದೆ. ಅಪ್ಪನಿಗೆ ಸ್ನಾನ ಮಾಡಿಸಿ ಬಟ್ಟೆ ತೊಡಿಸಿದ್ದು ಚಿಕ್ಕಪ್ಪ ಮತ್ತು ಬೀದಿಯವರು. ನಾನು ಮಾಡುತ್ತೇನೆ ಅಂದೆ. ಬೇಡ ಅಂತ ಹೊರಗೆ ಕೂರಿಸಿದರು. ಕಡೆಯ ಸೇವೆಯೂ ನನ್ನ ಕೈಯಿಂದ ಆಗಲಿಲ್ಲ. ಅದರ ಮೇಲೆ ಈ ವಚನ.

ಆ ಮಗ ಕೇಳಿದ್ದು ಒಂದು ದಿನದ ರಜೆಯನ್ನಾ? ಅಷ್ಟನ್ನೂ ಸ್ವಾಮಿ ಕೊಡಲಿಲ್ಲವಾ? ಆ ಕಾಲದಲ್ಲಿ ಹೂಣಿಡುವುದು ಅಂದರೆ ಏನೇನು ಇತ್ತು? ಗೊತ್ತಿದ್ದವರು ಹೇಳಿ.

ಹಳೇಗಲ್ಲು

ಅಕ್ಕ, ನಿಮ್ಮ ತಂದೆಯವರ ಸುದ್ದಿ ಓದಿ ಬೇಸರವಾಯಿತು. ನಿಮ್ಮ ಪ್ರಶ್ನೆ ತುಂಬಾ ಒಳ್ಳೆಯದು. ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಯೆಹೂದ್ಯರಲ್ಲಿ ಸತ್ತ ದಿನವೇ ಮಣ್ಣು ಮಾಡುವುದು ರೂಢಿ. ಕಣ್ಣು ಮುಚ್ಚಿಸಿ, ಮೈ ತೊಳೆದು, ಎಣ್ಣೆ ಸವರಿ, ನಾರುಬಟ್ಟೆಯಲ್ಲಿ ಸುತ್ತಿ, ಚಟ್ಟದ ಮೇಲೆ ಊರ ಹೊರಗೆ ಒಯ್ಯುತ್ತಿದ್ದರು. ಲೂಕ 7ರಲ್ಲಿ ನಾಯಿನ ಊರಿನ ವಿಧವೆಯ ಮಗನ ಶವ ಊರ ಬಾಗಿಲಲ್ಲಿ ಎದುರಾಗುವುದು ಹೀಗೇ. ಅಪೊಸ್ತಲರ ಕೃತ್ಯಗಳು 9ರಲ್ಲಿ ದೊರ್ಕಳ ಮೈ ತೊಳೆದು ಮೇಲುಕೋಣೆಯಲ್ಲಿ ಮಲಗಿಸುತ್ತಾರೆ. ಕೊಳಲು ಊದುವವರು, ಗೋಳಾಡುವ ಹೆಂಗಸರು ಬರುತ್ತಿದ್ದರು. ಎಷ್ಟೇ ಬಡವನಾದರೂ ಹೆಂಡತಿ ಸತ್ತರೆ ಎರಡು ಕೊಳಲಿಗೂ ಗೋಳಾಡುವ ಒಬ್ಬ ಹೆಂಗಸಿಗೂ ಕಡಿಮೆ ಮಾಡಬಾರದು ಅಂತ ಯೆಹೂದಿ ಗುರುಗಳ ನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ರಬ್ಬಿ (ಗುರು) ಯೆಹೂದರ ಮಾತಿದೆ. ಮತ್ತಾಯ 9ರಲ್ಲಿ ಸತ್ತ ಹುಡುಗಿಯ ಮನೆಗೆ ಯೇಸು ಹೋದಾಗ ಕೊಳಲಿನವರು ಆಗಲೇ ಬಂದಿದ್ದಾರೆ, ನೋಡಿ.

ಆದರೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಯೆರೂಸಲೇಮಿನ ಸುತ್ತಮುತ್ತ ಬಂಡೆಯಲ್ಲಿ ಕೊರೆದ ಕುಟುಂಬದ ಸಮಾಧಿಗಳು ನೂರಾರು ಸಿಕ್ಕಿವೆ. ಬಗ್ಗಿ ಒಳಗೆ ಹೋಗಬೇಕು. ನಡುವೆ ಒಂದು ಕೋಣೆ. ಗೋಡೆಯಲ್ಲಿ ಒಳಕ್ಕೆ ಕೊರೆದ ಉದ್ದನೆಯ ಗೂಡುಗಳು. ಒಂದೊಂದರಲ್ಲಿ ಒಂದು ಶವ ಹಿಡಿಸುವಷ್ಟು ಜಾಗ. ಹೀಬ್ರೂವಿನಲ್ಲಿ ಅದಕ್ಕೆ ಕೋಖ್ ಅಂತಾರೆ. ಶವವನ್ನು ಅಲ್ಲಿಟ್ಟು ಬಾಯಿ ಮುಚ್ಚುತ್ತಿದ್ದರು. ಸುಮಾರು ಒಂದು ವರ್ಷ ಕಳೆದ ಮೇಲೆ, ಮಾಂಸ ಕರಗಿ ಮೂಳೆ ಉಳಿದಾಗ, ಮನೆಯವರು ಮತ್ತೆ ಹೋಗಿ ಮೂಳೆಗಳನ್ನು ಆರಿಸಿ ಸುಣ್ಣಕಲ್ಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ದೊಡ್ಡವರ ಪೆಟ್ಟಿಗೆ ತೊಡೆಮೂಳೆ ಹಿಡಿಸುವಷ್ಟು ಉದ್ದ ಇರುತ್ತಿತ್ತು. ಈ ಪೆಟ್ಟಿಗೆಯ ಪದ್ಧತಿ ಯೆರೂಸಲೇಮಿನಲ್ಲಿ ಜೋರಾಗಿದ್ದದ್ದು ಕ್ರಿ.ಪೂ. 20ರ ಸುಮಾರಿನಿಂದ ಕ್ರಿ.ಶ. 70ರಲ್ಲಿ ದೇವಾಲಯ ಬೀಳುವ ತನಕ. ಯೇಸುವಿನ ಇಡೀ ಬದುಕು ಆ ಅವಧಿಯ ಒಳಗೇ ಬರುತ್ತದೆ.

ಅಂದರೆ ಮಗನಿಗೆ ತಂದೆಯನ್ನು ಹೂಣಿಡುವುದು ಎರಡು ಸಲದ ಕೆಲಸ. ಸತ್ತ ದಿನ ಒಂದು, ವರ್ಷದ ನಂತರ ಒಂದು. ಕೆಲವು ವಿದ್ವಾಂಸರು ಮತ್ತಾಯ 8ರ ಶಿಷ್ಯ ಎರಡನೆಯದನ್ನು ಕೇಳುತ್ತಿದ್ದಾನೆ ಅನ್ನುತ್ತಾರೆ. ಅಪ್ಪ ಅವತ್ತೇ ಸತ್ತಿದ್ದರೆ ಮಗ ಮನೆಯಲ್ಲಿ ಇರುತ್ತಿದ್ದ, ದಾರಿಯಲ್ಲಿ ಗುರುವಿನ ಜೊತೆ ಮಾತಾಡುತ್ತಾ ನಿಂತಿರುತ್ತಿರಲಿಲ್ಲ. ಹಾಗಾಗಿ ಅವನು ಕೇಳಿದ್ದು ತಿಂಗಳುಗಟ್ಟಲೆ ಸಮಯ. ‘ಸತ್ತವರೇ ಹೂಣಿಡಲಿ’ ಅಂದರೆ, ಆ ಗುಹೆಯಲ್ಲಿ ಆಗಲೇ ಮಲಗಿರುವ ಹಿರಿಯರ ನಡುವೆ ನಿನ್ನ ಅಪ್ಪನ ಮೂಳೆಗಳು ಇರಲಿ, ನೀನು ಈಗ ಬಾ ಅಂತ. ನನಗೆ ಈ ಓದು ಒಪ್ಪಿಗೆ.

ನೀಲಿಶಾಯಿ

ಮಲ್ಲಿಗೆತೋಟ ಅವರೇ, ಮೊದಲು ನನ್ನ ಸಂತಾಪ. ಹಳೇಗಲ್ಲು ಸರ್ ಹೇಳಿದ ಪದ್ಧತಿಯ ವಿವರ ಸರಿಯಾಗಿದೆ. ಆದರೆ ಕೊನೆಯ ಮಾತಿನ ಬಗ್ಗೆ ಎಚ್ಚರ ಬೇಕು. ನಾನು ಕೆಲವು ವರ್ಷ ಗ್ರೀಕ್ ಹೊಸ ಒಡಂಬಡಿಕೆ ಪಾಠ ಮಾಡಿದವನು, ಹಾಗಾಗಿ ಸುಮ್ನೆ ಬಿಡಲು ಆಗುತ್ತಿಲ್ಲ.

ಮತ್ತಾಯನಲ್ಲಿ ಇರುವುದು ‘ಹೂಣಿಡು’ ಅನ್ನುವ ಮಾಮೂಲಿ ಕ್ರಿಯಾಪದ. ಮೂಳೆ ಆರಿಸುವ ಮಾತೇ ಅಲ್ಲಿಲ್ಲ. ಲೂಕ 9ರಲ್ಲೂ ಹಾಗೇ. ಒಂದು ವರ್ಷದ ಕಥೆಯನ್ನು ನಾವು ಹೊರಗಿನಿಂದ ತುಂಬುತ್ತಿದ್ದೇವೆ. ಅದರಿಂದ ವಚನ ಮೆತ್ತಗಾಗುತ್ತೆ, ನಿಜ. ಮೆತ್ತಗಾಗಲಿ ಅಂತಲೇ ನಾವು ಅದನ್ನು ಹಿಡಿದುಕೊಳ್ಳುತ್ತಿದ್ದೇವಾ ಅಂತ ಕೇಳಿಕೊಳ್ಳಬೇಕು.

ಮಿಷ್ನಾದ ಬೆರಾಖೋತ್ ಭಾಗದಲ್ಲಿ ಒಂದು ನಿಯಮ ಇದೆ. ಯಾರ ಮನೆಯಲ್ಲಿ ಇನ್ನೂ ಹೂಣಿಡದ ಶವ ಇದೆಯೋ ಅವನಿಗೆ ದಿನದ ಶೆಮಾ ಪ್ರಾರ್ಥನೆಯಿಂದಲೂ ವಿನಾಯಿತಿ. ಅಂದರೆ ಹೆತ್ತವರನ್ನು ಮಣ್ಣು ಮಾಡುವುದು ಪ್ರಾರ್ಥನೆಗಿಂತ ಮುಂಚಿನ ಕೆಲಸ. ಇಂಥ ಜನರ ಮುಂದೆ ಯೇಸು ಆ ಮಾತು ಆಡಿದರು. ಕೇಳಿದವರು ಬೆಚ್ಚಿಬೀಳಲಿ ಅಂತಲೇ ಆಡಿದ ಹಾಗಿದೆ. ಹಳೆಯ ಒಡಂಬಡಿಕೆಯಲ್ಲೂ ಇಂಥದ್ದಿದೆ. ಯೆಹೆಜ್ಕೇಲ 24ರಲ್ಲಿ ಪ್ರವಾದಿಯ ಹೆಂಡತಿ ಸಾಯುತ್ತಾಳೆ, ಗೋಳಾಡಬೇಡ ಅಂತ ದೇವರು ಹೇಳುತ್ತಾರೆ. ಅದು ಎಲ್ಲ ಗಂಡಂದಿರಿಗೆ ಕೊಟ್ಟ ನಿಯಮ ಅಲ್ಲ. ಒಬ್ಬನ ಬದುಕನ್ನೇ ಊರಿಗೆ ಗುರುತಾಗಿ ಮಾಡಿದ್ದು. ಮಹಾಯಾಜಕನೂ, ದೇವರಿಗೆ ಹರಕೆ ಹೊತ್ತ ನಾಜೀರನೂ ತಂದೆತಾಯಿ ಸತ್ತರೂ ಶವದ ಹತ್ತಿರ ಹೋಗುವ ಹಾಗಿರಲಿಲ್ಲ.

ಹಾಗಾಗಿ ನನ್ನ ಪ್ರಕಾರ ಅದು ಒಬ್ಬ ಶಿಷ್ಯನಿಗೆ, ಒಂದು ಗಳಿಗೆಯಲ್ಲಿ, ಕೊಟ್ಟ ಕಠಿಣ ಕರೆ. ಅದನ್ನು ಎರಡು ತಿಂಗಳ ದುಃಖದಲ್ಲಿರುವ ಮಗಳ ಮುಂದೆ ಓದಿ ‘ಅಳಬೇಡ’ ಅನ್ನುವುದು ಆ ವಚನಕ್ಕೂ ನ್ಯಾಯ ಅಲ್ಲ, ನಿಮಗೂ ಅಲ್ಲ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುವೇ ಕಣ್ಣೀರು ಹಾಕಿದರು, ಅಲ್ವಾ.

ಹಳೇಗಲ್ಲು

ಸರ್, ಕ್ರಿಯಾಪದದ ಮಾತು ಒಪ್ಪುತ್ತೇನೆ. ಆದರೂ ‘ಹೂಣಿಡು’ ಅಂದಾಗ ಆ ಜನರ ತಲೆಯಲ್ಲಿ ಯಾವ ಚಿತ್ರ ಇತ್ತು ಅನ್ನುವುದು ಮುಖ್ಯ. ನಮ್ಮಲ್ಲಿ ‘ಮದುವೆ ಮಾಡಬೇಕು’ ಅಂದರೆ ತಾಳಿ ಕಟ್ಟುವ ಐದು ನಿಮಿಷ ಅಷ್ಟೇ ಅಲ್ಲವಲ್ಲ.

ಕಡಲತಡಿ

ನಾನು ಮಂಗಳೂರು ಕಡೆಯವಳು, ಕಥೋಲಿಕ. ಮೂಳೆ ಆರಿಸುವ ಮಾತು ಓದಿ ಮೈ ಜುಮ್ಮೆಂದಿತು. ನಮ್ಮ ಚರ್ಚಿನ ಸಿಮೆಟ್ರಿಯಲ್ಲಿ ಜಾಗ ಕಡಿಮೆ. ಅಜ್ಜ ತೀರಿಕೊಂಡಾಗ ಅಜ್ಜಿಯ ಗುಂಡಿಯನ್ನೇ ತೆರೆದರು. ಅಜ್ಜಿಯ ಮೂಳೆಗಳನ್ನು ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿ, ಅದೇ ಗುಂಡಿಯಲ್ಲಿ ಅಜ್ಜನ ಕಾಲ ಹತ್ತಿರ ಇಟ್ಟರು. ನನಗಾಗ ಹನ್ನೊಂದು ವರ್ಷ. ಹೆದರಿಕೆ ಆಗಲಿಲ್ಲ. ಇಬ್ಬರೂ ಒಟ್ಟಿಗೆ ಆದರು ಅಂತ ಅಮ್ಮ ಹೇಳಿದ್ದು ನೆನಪಿದೆ.

ಹಳೆಯ ಒಡಂಬಡಿಕೆಯಲ್ಲಿ ‘ತನ್ನ ಪೂರ್ವಜರ ಬಳಿಗೆ ಸೇರಿದನು’ ಅಂತ ಬರುತ್ತಲ್ಲ, ಅದು ಇದೇ ಅರ್ಥದ್ದಾ?

ಇನ್ನೊಂದು. ನಮ್ಮ ಬೈಬಲಿನಲ್ಲಿ ತೊಬೀತನ ಗ್ರಂಥ ಇದೆ. ಬೀದಿಯಲ್ಲಿ ಬಿದ್ದ ತನ್ನ ಜನರ ಹೆಣಗಳನ್ನು ಕದ್ದುಮುಚ್ಚಿ ಹೂಣಿಟ್ಟಿದ್ದಕ್ಕೆ ಅವನು ಆಸ್ತಿಯೆಲ್ಲ ಕಳೆದುಕೊಳ್ಳುತ್ತಾನೆ. ಮಲ್ಲಿಗೆತೋಟ ಅಕ್ಕ, ಸಾಧ್ಯವಾದರೆ ಅದನ್ನು ಓದಿ. ಹೂಣಿಡುವುದನ್ನು ಆ ಜನ ಎಷ್ಟು ದೊಡ್ಡ ಪುಣ್ಯ ಅಂದುಕೊಂಡಿದ್ದರು ಅಂತ ಗೊತ್ತಾಗುತ್ತೆ.

ಹಳೇಗಲ್ಲು

ಹೌದು, ಆ ನುಡಿಗಟ್ಟಿಗೂ ಸಮಾಧಿಗೂ ನಂಟಿದೆ ಅಂತ ಬಹಳ ಜನ ಹೇಳುತ್ತಾರೆ. ಯೇಸುವಿಗಿಂತ ಆರೇಳು ನೂರು ವರ್ಷ ಹಿಂದಿನ ಸಮಾಧಿಗಳಲ್ಲಿ ಪೆಟ್ಟಿಗೆ ಇಲ್ಲ. ಕಲ್ಲಿನ ಹಾಸಿನ ಮೇಲೆ ಶವ ಮಲಗಿಸುತ್ತಿದ್ದರು. ಆಮೇಲೆ ಮೂಳೆಗಳನ್ನು ಕೆಳಗೆ ಕೊರೆದ ಒಂದು ಗುಂಡಿಗೆ ಸೇರಿಸುತ್ತಿದ್ದರು. ಅಜ್ಜ, ಮುತ್ತಜ್ಜ ಎಲ್ಲರೂ ಅಲ್ಲೇ. ನಿಜವಾಗಿಯೂ ಪೂರ್ವಜರ ಜೊತೆ ಸೇರುವುದು.

ಯೆರೂಸಲೇಮಿನ ಕೆತೆಫ್ ಹಿನ್ನೋಮ್ ಅನ್ನುವ ಜಾಗದಲ್ಲಿ 1979ರಲ್ಲಿ ಗೇಬ್ರಿಯಲ್ ಬಾರ್ಕಾಯ್ ಇಂಥ ಒಂದು ಗುಂಡಿಯನ್ನು ಅಗೆದರು. ಅದರಲ್ಲಿ ಸುರುಳಿ ಸುತ್ತಿದ ಎರಡು ಪುಟ್ಟ ಬೆಳ್ಳಿ ತಗಡುಗಳು ಸಿಕ್ಕವು. ಬಿಡಿಸಿ ನೋಡಿದರೆ ಅರಣ್ಯಕಾಂಡ 6ರ ಆಶೀರ್ವಾದದ ಮಾತುಗಳು. ‘ಕರ್ತನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ’ ಅಂತ ಇವತ್ತಿಗೂ ಆರಾಧನೆಯ ಕೊನೆಗೆ ಹೇಳುತ್ತಾರಲ್ಲ, ಅದೇ. ಇದುವರೆಗೆ ಸಿಕ್ಕಿರುವ ಬೈಬಲ್ ಮಾತುಗಳ ಬರಹಗಳಲ್ಲಿ ಇದೇ ಅತ್ಯಂತ ಹಳೆಯದು. ಸಿಕ್ಕಿದ್ದು ಸತ್ತವರ ಮೂಳೆಗಳ ನಡುವೆ.

ಒಂದು ತಿದ್ದುಪಡಿ ನನ್ನದೇ ಮಾತಿಗೆ. ಬಂಡೆ ಕೊರೆಸುವುದಕ್ಕೆ ಜಾಸ್ತಿ ಹಣ ಬೇಕು. ಬಡವರು ನಮ್ಮ ಹಾಗೇ ನೆಲದಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಮೃತ ಸಮುದ್ರದ ದಂಡೆಯ ಕುಮ್ರಾನ್ ಹತ್ತಿರ ಅಂಥ ಸಾವಿರಕ್ಕೂ ಹೆಚ್ಚು ಗುಂಡಿಗಳಿವೆ. ಮತ್ತಾಯ 8ರ ಶಿಷ್ಯನ ಮನೆಗೆ ಕಲ್ಲಿನ ಸಮಾಧಿ ಇತ್ತು ಅಂತ ನಾನು ಒತ್ತಿ ಹೇಳಲಾರೆ. ಈ ವಿಷಯದಲ್ಲಿ ನೀಲಿಶಾಯಿ ಸರ್ ಮಾತಿಗೆ ತೂಕ ಇದೆ.

ಬಿಡುವಿನೋದು

ಚರ್ಚೆ ಓದುತ್ತಾ ಎರಡು ಪ್ರಶ್ನೆ ಬಂದವು. ಲಾಜರ ಸತ್ತು ‘ನಾಲ್ಕು ದಿನ’ ಆಗಿತ್ತು ಅಂತ ಯೋಹಾನ ಯಾಕೆ ಒತ್ತಿ ಹೇಳುತ್ತಾನೆ? ಮತ್ತೆ ಸಿನಿಮಾಗಳಲ್ಲಿ ಸಮಾಧಿಯ ಬಾಗಿಲಿಗೆ ತೋರಿಸುವ ಗಾಲಿಯಂಥ ದುಂಡು ಕಲ್ಲು ನಿಜವಾ?

ನೀಲಿಶಾಯಿ

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಜೀವ ಮೂರು ದಿನ ದೇಹದ ಸುತ್ತಲೇ ಸುಳಿಯುತ್ತಿರುತ್ತದೆ, ಮುಖ ಕೆಡುವುದನ್ನು ಕಂಡು ಹೊರಟುಹೋಗುತ್ತದೆ ಅನ್ನುವ ನಂಬಿಕೆ ಯೆಹೂದಿ ಗ್ರಂಥಗಳಲ್ಲಿದೆ. ಆ ಗ್ರಂಥಗಳು ಯೋಹಾನನಿಗಿಂತ ಈಚಿನವು, ನಂಬಿಕೆ ಅದಕ್ಕಿಂತ ಹಳೆಯದಿರಬಹುದು. ಶವಸಂಸ್ಕಾರದ ನಿಯಮಗಳದ್ದೇ ಒಂದು ಪುಸ್ತಕ ಇದೆ, ಸೆಮಾಹೋತ್ ಅಂತ. ಮೂರು ದಿನ ಸಮಾಧಿಗೆ ಹೋಗಿ ನೋಡಿ ಬರಬಹುದು ಅನ್ನುತ್ತದೆ ಅದು. ಒಮ್ಮೆ ಹಾಗೆ ಹೋಗಿ ನೋಡಿದಾಗ ಒಬ್ಬ ಬದುಕಿದ್ದ, ಆಮೇಲೆ 25 ವರ್ಷ ಬಾಳಿದ ಅಂತಲೂ ಹೇಳುತ್ತದೆ. ಅಂದರೆ ಮೂರನೆಯ ದಿನದ ತನಕ ಒಂದು ಎಳೆ ಆಸೆ. ಲಾಜರನ ಸಹೋದರಿ ಮಾರ್ಥಳ ಮಾತಿನಲ್ಲಿ ಆ ಎಳೆಯೂ ಕಡಿದುಹೋಗಿದೆ. ‘ನಾಲ್ಕು ದಿನ ಆಯಿತು, ಈಗ ನಾತ ಬಂದಿರುತ್ತದೆ’ ಅನ್ನುವಾಗ ಅವಳು ಲೆಕ್ಕ ಹೇಳುತ್ತಿಲ್ಲ. ಇನ್ನು ಏನೂ ಉಳಿದಿಲ್ಲ ಅನ್ನುತ್ತಿದ್ದಾಳೆ.

ಹಳೇಗಲ್ಲು

ಕಲ್ಲಿನ ವಿಷಯ. ದುಂಡು ಕಲ್ಲು ಇತ್ತು, ಆದರೆ ಬಹಳ ಅಪರೂಪ. ಪುರಾತತ್ವಜ್ಞ ಆಮೋಸ್ ಕ್ಲೋನರ್ ಯೆರೂಸಲೇಮಿನ ಸುತ್ತ ಆ ಕಾಲದ 900ಕ್ಕೂ ಹೆಚ್ಚು ಸಮಾಧಿಗಳನ್ನು ನೋಡಿದರು. ಗಾಲಿಯಂಥ ಕಲ್ಲು ಇದ್ದದ್ದು ಬರೀ 4ರಲ್ಲಿ. ಅದಿಯಾಬೇನೆ ಅನ್ನುವ ರಾಜ್ಯದ ರಾಣಿ ಹೆಲೆನಾಳ ಸಮಾಧಿಯಂಥ ದೊಡ್ಡ ಸಿರಿವಂತರವು. ಉಳಿದವಕ್ಕೆ ಚೌಕದ ಕಲ್ಲು, ಸೀಸೆಗೆ ಬಿರಡೆ ಹಾಕಿದ ಹಾಗೆ ಬಾಗಿಲಿಗೆ ಒತ್ತಿ ಕೂರಿಸುವುದು. ಅದನ್ನು ತೆಗೆಯುವಾಗಲೂ ಉರುಳಿಸಬೇಕಾಗಬಹುದು. ಸುವಾರ್ತೆಯ ‘ಉರುಳಿಸಿದರು’ ಅನ್ನುವ ಮಾತು ಎರಡಕ್ಕೂ ಹೊಂದುತ್ತೆ. ಯೇಸುವಿನ ಸಮಾಧಿಗೆ ಚೌಕದ ಕಲ್ಲೇ ಇದ್ದಿರಬೇಕು ಅಂತ ಕ್ಲೋನರ್ ಅಭಿಪ್ರಾಯ.

ಕಡಲತಡಿ

ನಮ್ಮಲ್ಲಿ ನವೆಂಬರ್ 2, ಸತ್ತವರೆಲ್ಲರ ನೆನಪಿನ ದಿನ. ಅದಕ್ಕೆ ಮುಂಚೆ ಸಮಾಧಿಗಳನ್ನು ಗುಡಿಸಿ ಸುಣ್ಣ ಹೊಡೆಯುತ್ತೇವೆ. ಯೇಸುಸ್ವಾಮಿ ಫರಿಸಾಯರು ಅನ್ನುವ ಧರ್ಮಪಂಥದವರಿಗೆ ‘ಸುಣ್ಣ ಹಚ್ಚಿದ ಸಮಾಧಿಗಳು’ ಅಂದದ್ದು ಇಂಥದ್ದನ್ನೇನಾ?

ಹಳೇಗಲ್ಲು

ಕೆಲಸ ಒಂದೇ, ಕಾರಣ ಬೇರೆ. ನೀವು ಹೊಡೆಯುವುದು ಪ್ರೀತಿಯಿಂದ, ಚೆಂದ ಕಾಣಲಿ ಅಂತ. ಅವರು ಹಚ್ಚುತ್ತಿದ್ದದ್ದು ಎಚ್ಚರಿಕೆಗೆ. ಅರಣ್ಯಕಾಂಡ 19ರ ಪ್ರಕಾರ ಸಮಾಧಿಯನ್ನು ಮುಟ್ಟಿದವನಿಗೆ 7 ದಿನ ಮೈಲಿಗೆ. ಪಸ್ಕಹಬ್ಬಕ್ಕೆ ದೂರದಿಂದ ನಡೆದುಬಂದವನು ತಿಳಿಯದೆ ಒಂದು ಗೋರಿ ಮುಟ್ಟಿಬಿಟ್ಟರೆ ಹಬ್ಬವೇ ತಪ್ಪಿಹೋಗುತ್ತಿತ್ತು. ಅದಕ್ಕೆ ಹಬ್ಬಕ್ಕೆ ಒಂದು ತಿಂಗಳು ಮುಂಚೆ, ಆದಾರ್ ತಿಂಗಳ 15ರಂದು, ಗೋರಿಗಳನ್ನು ಗುರುತು ಮಾಡಬೇಕು ಅಂತ ಮಿಷ್ನಾ ಹೇಳುತ್ತದೆ. ಗುರುತಿಗೆ ಸುಣ್ಣ. ಮತ್ತಾಯನ ಪ್ರಕಾರ ಯೇಸು ಆ ಮಾತು ಆಡಿದ್ದು ಪಸ್ಕಕ್ಕೆ ಸ್ವಲ್ಪ ಮುಂಚೆ, ಯೆರೂಸಲೇಮಿನಲ್ಲೇ. ಹೊಸ ಸುಣ್ಣ ಎಲ್ಲರ ಕಣ್ಣ ಮುಂದೆಯೇ ಇದ್ದಿರಬೇಕು. ಲೂಕ 11ರಲ್ಲಿ ಮಾತು ತಿರುಗುಮುರುಗು. ಅಲ್ಲಿ ಅವರು ಗುರುತೇ ಇಲ್ಲದ ಗೋರಿಗಳು, ಜನ ತಿಳಿಯದೆ ತುಳಿದುಹೋಗುತ್ತಾರೆ.

ಮಲ್ಲಿಗೆತೋಟ

ಇಷ್ಟು ಸಮಯ ಕೊಟ್ಟು ಬರೆದಿದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ಇಡೀ ಚರ್ಚೆಯನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಒಂದು ಮಾತು ಕೇಳಿದಳು. ‘ಬೇರೆಯವರಿಗೆ ಹಾಗಂದ ಸ್ವಾಮಿಯನ್ನು ಮಾತ್ರ ಅಷ್ಟು ಜೋಪಾನವಾಗಿ ಹೂಣಿಟ್ಟರಲ್ಲ, ಯಾಕೆ?’ ನನಗೆ ಉತ್ತರ ಹೊಳೆಯಲಿಲ್ಲ.

ಹಳೇಗಲ್ಲು

ಅಮ್ಮನ ಪ್ರಶ್ನೆಗೆ ಒಂದು ರಾತ್ರಿ ಯೋಚಿಸಿ ಬರೆಯುತ್ತಿದ್ದೇನೆ.

ಜೋಪಾನ ಇತ್ತು, ಆದರೆ ಅವಸರವೂ ಇತ್ತು. ಧರ್ಮೋಪದೇಶಕಾಂಡ 21ರಲ್ಲಿ ಮರಕ್ಕೆ ತೂಗಹಾಕಿದವನ ಹೆಣವನ್ನು ರಾತ್ರಿ ಅಲ್ಲೇ ಬಿಡಬಾರದು, ಆ ದಿನವೇ ಹೂಣಿಡಬೇಕು ಅಂತಿದೆ. ಶಿಲುಬೆಗೆ ಹಾಕಿದ ಅಪರಾಧಿಗಳನ್ನೂ ನಮ್ಮ ಜನ ಸೂರ್ಯ ಮುಳುಗುವ ಮುಂಚೆ ಇಳಿಸಿ ಹೂಳುತ್ತಾರೆ ಅಂತ ಆ ಶತಮಾನದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅವತ್ತು ಶುಕ್ರವಾರ. ಯೇಸು ಪ್ರಾಣ ಬಿಟ್ಟದ್ದು ಮಧ್ಯಾಹ್ನ ಮೂರರ ಹೊತ್ತಿಗೆ. ಸಂಜೆಗೆ ಸಬ್ಬತ್, ಅಂದರೆ ಕೆಲಸ ಮಾಡಬಾರದ ವಿಶ್ರಾಂತಿಯ ದಿನ, ಶುರು. ಅಷ್ಟರೊಳಗೆ ಅರಿಮಥಾಯದ ಯೋಸೇಫ ರೋಮನ್ ಅಧಿಪತಿ ಪಿಲಾತನ ಹತ್ತಿರ ಹೋಗಿ ಶವ ಕೇಳಬೇಕು, ನಾರುಬಟ್ಟೆ ಕೊಳ್ಳಬೇಕು, ಶವ ಇಳಿಸಬೇಕು. ಯೋಹಾನನ ಪ್ರಕಾರ ನಿಕೊದೇಮ ತಂದ ರಕ್ತಬೋಳ, ಅಗರು ಇವತ್ತಿನ ತೂಕದಲ್ಲಿ ಸುಮಾರು 33 ಕಿಲೋ. ರಾಜನ ಶವಕ್ಕೆ ಹಾಕುವಷ್ಟು. ಆದರೂ ಹೆಂಗಸರು ಭಾನುವಾರ ಬೆಳಿಗ್ಗೆ ಮತ್ತೆ ಸುಗಂಧದ್ರವ್ಯ ಹಿಡಿದು ಬರುತ್ತಾರೆ ಅಂತ ಮಾರ್ಕ, ಲೂಕ ಹೇಳುತ್ತಾರೆ. ತಮ್ಮ ಕೈಯಿಂದ ಮಾಡಬೇಕಾದ್ದು ಬಾಕಿ ಇದೆ ಅಂತ ಅವರಿಗೂ ಅನಿಸಿತ್ತು.

1968ರಲ್ಲಿ ಯೆರೂಸಲೇಮಿನ ಗಿವತ್ ಹಾಮಿವ್ತಾರ್‌ನಲ್ಲಿ ಒಂದು ಮೂಳೆ ಪೆಟ್ಟಿಗೆ ಸಿಕ್ಕಿತು. ಮೇಲೆ ಯೆಹೋಹಾನಾನ್ ಅನ್ನುವ ಹೆಸರು. ಇಪ್ಪತ್ತು ದಾಟಿದ ಯುವಕ. ಹಿಮ್ಮಡಿಯ ಮೂಳೆಯಲ್ಲಿ 11.5 ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ ಹಾಗೇ ಉಳಿದಿತ್ತು. ತುದಿ ಬಗ್ಗಿತ್ತು, ಅದಕ್ಕೇ ಕೀಳಲು ಆಗಿಲ್ಲ. ರೋಮನ್ನರು ಶಿಲುಬೆಗೆ ಹಾಕಿದ ಆ ಮಗನನ್ನೂ ಮನೆಯವರು ಇಸಕೊಂಡು ಬಂದಿದ್ದಾರೆ. ಕಾದಿದ್ದಾರೆ. ಮೂಳೆ ಆರಿಸಿದ್ದಾರೆ. ಹೆಸರು ಕೆತ್ತಿದ್ದಾರೆ. ನಾನು ಓದಿದ್ದರಲ್ಲಿ ನನ್ನನ್ನು ಇಷ್ಟು ಅಲುಗಾಡಿಸಿದ್ದು ಬೇರೆ ಇಲ್ಲ.

1990ರಲ್ಲಿ ಅದೇ ಊರಿನ ದಕ್ಷಿಣಕ್ಕೆ ಇನ್ನೊಂದು ಸಮಾಧಿ ಸಿಕ್ಕಿತು. ಅಲ್ಲಿನ ಚೆಂದದ ಕೆತ್ತನೆಯ ಒಂದು ಪೆಟ್ಟಿಗೆಯ ಮೇಲೆ ‘ಕಾಯಫನ ಮಗ ಯೋಸೇಫ’ ಅಂತ ಓದಿದರು. ಯೇಸುವನ್ನು ವಿಚಾರಣೆ ಮಾಡಿದ ಮಹಾಯಾಜಕನದ್ದೇ ಅಂತ ಬಹಳ ಜನ ಒಪ್ಪುತ್ತಾರೆ. ಶಿಲುಬೆಗೆ ಏರಿದವನಿಗೂ ಮಹಾಯಾಜಕನಿಗೂ ಪದ್ಧತಿ ಒಂದೇ.

ನೀಲಿಶಾಯಿ

ಇದಕ್ಕೆ ಒಂದು ಸೇರಿಸುತ್ತೇನೆ. ಯೇಸುವನ್ನು ಇಟ್ಟ, ಅರಿಮಥಾಯದ ಯೋಸೇಫನ ಸಮಾಧಿ ‘ಹೊಸದು’, ಅದರಲ್ಲಿ ಯಾರನ್ನೂ ಇಟ್ಟಿರಲಿಲ್ಲ ಅಂತ ಸುವಾರ್ತೆಗಳು ಒತ್ತಿ ಹೇಳುತ್ತವೆ. ನ್ಯಾಯಸಭೆ ಮರಣದಂಡನೆ ಕೊಟ್ಟವರನ್ನು ಹಿರಿಯರ ಸಮಾಧಿಯಲ್ಲಿ ಇಡುವ ಹಾಗಿಲ್ಲ, ಅವರಿಗೆ ಬೇರೆಯೇ ಜಾಗ ಅಂತ ಮಿಷ್ನಾದ ಸನ್ಹೆದ್ರಿನ್ ಭಾಗ ಹೇಳುತ್ತದೆ. ಮಾಂಸ ಕರಗಿದ ಮೇಲೆ ಮಾತ್ರ ಮೂಳೆಗಳನ್ನು ಕುಟುಂಬದ ಸಮಾಧಿಗೆ ತರಬಹುದು. ಮಿಷ್ನಾ ಬರಹಕ್ಕಿಳಿದದ್ದು ಕ್ರಿ.ಶ. 200ರ ಸುಮಾರಿಗೆ, ಹಾಗಾಗಿ ಪ್ರತಿ ನಿಯಮವನ್ನೂ ಯೇಸುವಿನ ಕಾಲಕ್ಕೆ ಹಾಗೇ ಹಚ್ಚಲಾಗದು. ಆದರೂ ಖಾಲಿ ಸಮಾಧಿ ಅಂದರೆ ಯಾರ ಹಿರಿಯರಿಗೂ ಅವಮಾನ ಆಗದ ಜಾಗ. ಯೋಸೇಫ ಬಹಳ ಯೋಚಿಸಿ ಮಾಡಿದ್ದಾನೆ ಅನಿಸುತ್ತೆ.

ಮತ್ತೆ, ಅಮ್ಮನಿಗೆ ಹೇಳಿ. ಬೇಥಾನ್ಯದಲ್ಲಿ ಒಬ್ಬ ಹೆಂಗಸು ತೈಲ ಸುರಿದಾಗ ಶಿಷ್ಯರು ದುಂದು ಅಂದರು. ನನ್ನ ಹೂಣಿಡುವಿಕೆಗೆ ಸಿದ್ಧ ಮಾಡಿದ್ದಾಳೆ, ಅವಳನ್ನು ಕಾಡಬೇಡಿ ಅಂದವರು ಯೇಸು. ಶವಕ್ಕೆ ಮಾಡುವ ಸೇವೆಯನ್ನು ಅವರು ಕೀಳಾಗಿ ಕಂಡವರಲ್ಲ.

ಮಲ್ಲಿಗೆತೋಟ ಅವರೇ, ನಿಮ್ಮ ಎರಡನೆಯ ನೋವಿಗೆ ಯಾರೂ ಉತ್ತರ ಹೇಳಿಲ್ಲ. ನಾನು ಮೊದಲೇ ಹೇಳಿದ ಸೆಮಾಹೋತ್ ಪುಸ್ತಕದಲ್ಲಿ ಒಂದು ಪ್ರಸಂಗ ಇದೆ. ರಬ್ಬಿ ಎಲಿಯೇಜರ್ ಬಾರ್ ಸಾದೋಕ್ ತಮ್ಮ ತಂದೆಯ ಕಡೆಯ ಮಾತನ್ನು ನೆನೆಯುತ್ತಾರೆ. ಮಗನೇ, ನನ್ನನ್ನು ಮೊದಲು ಗುಂಡಿಯಲ್ಲಿ ಹೂಳು, ಆಮೇಲೆ ಮೂಳೆಗಳನ್ನು ಕೂಡಿಸಿ ಪೆಟ್ಟಿಗೆಯಲ್ಲಿ ಇಡು, ಆದರೆ ನಿನ್ನ ಕೈಯಿಂದಲೇ ಕೂಡಿಸಬೇಡ ಅಂತ. ಮಗ ಹಾಗೇ ಮಾಡುತ್ತಾರೆ. ಯೋಹಾನಾನ್ ಅನ್ನುವವರು ಒಳಗೆ ಹೋಗಿ ಮೂಳೆಗಳನ್ನು ಕೂಡಿಸಿ, ಮೇಲೆ ಒಂದು ದುಪ್ಪಟಿ ಹೊದಿಸುತ್ತಾರೆ. ಅದಾದ ಮೇಲೆ ಮಗ ಒಳಗೆ ಬಂದು, ಬಟ್ಟೆ ಹರಿದುಕೊಂಡು, ಒಣಗಿದ ಸೊಪ್ಪು ಚೆಲ್ಲುತ್ತಾರೆ. ತಂದೆ ತಮ್ಮ ತಂದೆಗೆ ಹೀಗೇ ಮಾಡಿದ್ದರು, ನಾನೂ ಅವರಿಗೆ ಹೀಗೇ ಮಾಡಿದೆ ಅನ್ನುತ್ತಾರೆ.

ಹಳೇಗಲ್ಲು

ಸರ್, ಈ ಪ್ರಸಂಗ ನಾನು ಓದಿರಲಿಲ್ಲ. ಮಿಷ್ನಾದಲ್ಲೇ ಇನ್ನೊಂದು ವಾದ ಇದೆ. ಹಬ್ಬದ ನಡುವಿನ ದಿನಗಳಲ್ಲಿ ತಂದೆತಾಯಿಯ ಮೂಳೆ ಕೂಡಿಸಬಹುದಾ ಅಂತ. ಕೂಡಿಸಬಹುದು, ಅದು ಮಗನಿಗೆ ಸಂತೋಷ ಅಂತಾರೆ ರಬ್ಬಿ ಮೇಯೀರ್. ಬೇಡ, ಅದು ಅವನಿಗೆ ದುಃಖ ಅಂತಾರೆ ರಬ್ಬಿ ಯೋಸೆ.

ಮಲ್ಲಿಗೆತೋಟ

ನೀಲಿಶಾಯಿ ಸರ್, ಆ ಪ್ರಸಂಗವನ್ನು ಮೂರು ಸಲ ಓದಿದೆ. ಆ ತಂದೆ ಬೇಡ ಅಂದದ್ದು ಮಗನ ಮೇಲಿನ ಪ್ರೀತಿಯಿಂದ ಅಲ್ವಾ. ನಾನು ಎರಡು ತಿಂಗಳಿಂದ ಚಿಕ್ಕಪ್ಪನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿ ಇದನ್ನು ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಕಾಯಿಲೆಯಿಂದ ಅಪ್ಪನ ಬೆನ್ನೆಲ್ಲ ಹುಣ್ಣಾಗಿತ್ತಂತೆ. ನಾನು ಅದನ್ನು ನೋಡಬಾರದು ಅಂತ ಅಪ್ಪನೇ ಅವರ ಹತ್ತಿರ ಹೇಳಿದ್ದರಂತೆ.